ಕರಡಿಗೆಯ ದಡ್ಡು

“ಅವ್ವಾ, ಇಲ್ಲೇನೋ ಗಟ್ಟಿ ಸಿಗ್ತೈತೆ. ಕರಡಿಗೆ ಒತ್ತಿ ಒತ್ತಿ ದಡ್ಡುಗಟ್ಟಿರಬೇಕು, ಅಲ್ವಾ?”

ಗಂಗಾಶ್ರೀ ಹೀಗೆ ಕೇಳಿದಾಗ ಅವಳ ತಾಯಿ ಈಶ್ವರಮ್ಮ ಹಿತ್ತಲ ಬಾನಿಯಲ್ಲಿ ಸಗಣಿ ಕದಡುತ್ತಿದ್ದಳು. ತೊಂಬತ್ತೆಂಟನೇ ಇಸವಿಯ ಡಿಸೆಂಬರ್. ತಾಳಗುಂದದ ಸುತ್ತಿನ ಗದ್ದೆಗಳಲ್ಲಿ ಭತ್ತದ ಕೊಯ್ಲು ಮುಗಿದು, ಹೊರೆಗಳೆಲ್ಲ ಬಣವೆ ಏರಿ, ಊರಿಗೆ ಊರೇ ಕಣ ಮಾಡುವ ಗಡಿಬಿಡಿಯಲ್ಲಿತ್ತು. ಶಿಕಾರಿಪುರದ ಕಾಲೇಜಿಗೆ ಬಸ್ಸು ಹಿಡಿಯಲು ಹೊರಟ ಹುಡುಗಿ ಪುಸ್ತಕ ಕಂಕುಳಲ್ಲಿಟ್ಟುಕೊಂಡೇ ಕೇಳಿದ್ದಳು. ತಲೆನೋವು ಅಂದಷ್ಟು ಹಗುರವಾಗಿ ಅಂದಿದ್ದಳು.

ಅವರದು ಲಿಂಗಧಾರಣೆಯ ಮನೆ. ಹೆಣ್ಣಿಗೂ ಗಂಡಿಗೂ ಕೊರಳಲ್ಲಿ ಶಿವದಾರ, ದಾರದ ತುದಿಗೆ ಬೆಳ್ಳಿಯ ಕರಡಿಗೆ, ಅದರೊಳಗೆ ಇಷ್ಟಲಿಂಗ. ತೊಟ್ಟಿಲಲ್ಲಿ ಕಟ್ಟಿದ್ದು ಉಸಿರು ನಿಲ್ಲುವ ತನಕ ಮೈ ಬಿಟ್ಟು ಇಳಿಯುವಂತಿಲ್ಲ. ಹೊಲದಲ್ಲಿ ಬಗ್ಗಿ ಎದ್ದು ಮಾಡುವ ಹೆಂಗಸಿಗೆ ಅದು ಎದೆಯ ಮೇಲೆ ತೂಗಿ, ಬಡಿದು, ಒಂದು ಕಡೆ ಚರ್ಮ ಕಪ್ಪಗಾಗಿ ಬಿರುಸಾಗುವುದು ಹೊಸತೇನಲ್ಲ. ಅದಕ್ಕೆ ಆ ಸೀಮೆಯ ಹೆಂಗಸರು ಇಟ್ಟ ಹೆಸರು ಕರಡಿಗೆ ದಡ್ಡು.

ಈಶ್ವರಮ್ಮ ಕೈ ತೊಳೆದಳು. ಸೆರಗಿಗೆ ಒರೆಸಿಕೊಂಡಳು. ಮಗಳನ್ನು ಒಳಕೋಣೆಗೆ ಕರೆದು, ಬಾಗಿಲು ಮುಂದೆ ಮಾಡಿ, ಅವಳು ತೋರಿಸಿದ ಜಾಗದ ಮೇಲೆ ನಾಲ್ಕು ಬೆರಳು ಇಟ್ಟಳು.

ಬೆರಳು ಏನೂ ಹೇಳಲಿಲ್ಲ.

ಎಡಗೈ ಇಟ್ಟಳು. ಅಂಗೈ ಪೂರಾ ಒತ್ತಿದಳು. ಕಂಬಳಿ ಸುತ್ತಿಕೊಂಡ ಕೈಯಿಂದ ಗೂಡಿನಲ್ಲಿ ಬೆಂಕಿಪೊಟ್ಟಣ ತಡಕಿದ ಹಾಗಾಯಿತು. ಏನೋ ಇದೆ, ಇಲ್ಲ ಅನ್ನುವಂತಿಲ್ಲ. ಅದು ಎಂಥದ್ದು ಅನ್ನುವುದು ಮಾತ್ರ ತಿಳಿಯಲಿಲ್ಲ.

“ದಡ್ಡೇ ಅಲ್ವಾ?” ಅಂದಳು ಗಂಗಾಶ್ರೀ.

“ತಡಿ.”

“ಬಸ್ಸು ಹೋಗ್ತೈತವ್ವಾ.”

“ಹೋಗ್ಲಿ. ತಡಿ ಅಂದ್ನಲ್ಲ.”

ಹೆದರಿಕೆಯಾದರೂ ಬರಬೇಕಿತ್ತು. ಬರಲಿಲ್ಲ. ಬೆರಳಿಗಾದದ್ದೇ ಎದೆಯೊಳಗೂ ಆಗಿ ಎರಡು ವರ್ಷ ಕಳೆದಿತ್ತು.

ಆ ಕೈ ಎಂಥ ಕೈ ಆಗಿತ್ತೆಂಬುದನ್ನು ಹೇಳದೆ ಮುಂದೆ ಹೋಗುವಂತಿಲ್ಲ.

ಕಣ ಮಾಡುವುದು ನೋಡುವವರಿಗೆ ಸಸಾರ. ಗಟ್ಟಿ ನೆಲ ಆರಿಸಿ, ಹುಲ್ಲು ಕೆತ್ತಿ, ಅಗೆದು, ನೀರು ಬಿಟ್ಟು, ಹೊಟ್ಟು ಚೆಲ್ಲಿ ಎತ್ತುಗಳಿಂದ ತುಳಿಸುತ್ತಾರೆ. ಆಮೇಲೆ ಗುಂಡುಕಲ್ಲು ಉರುಳಿಸಿ ನಡುಮಧ್ಯೆ ಮೇಟಿ ನೆಡುತ್ತಾರೆ. ಮೇಟಿಯೆಂದರೆ ಎತ್ತುಗಳನ್ನು ಕಟ್ಟಿ ಸುತ್ತ ತಿರುಗಿಸುವ ಕಂಬ. ಕೊನೆಗೆ ಸಗಣಿ ಬಗ್ಗಡ ಸಾರಿಸಿ ಒಣಗಲು ಬಿಡುತ್ತಾರೆ. ಇಷ್ಟು ಎಲ್ಲರಿಗೂ ಗೊತ್ತು. ಎಲ್ಲರ ಕಣವೂ ಮೂರನೇ ದಿನಕ್ಕೆ ಅಲ್ಲೊಂದು ಇಲ್ಲೊಂದು ಬಿರುಕು ಬಿಡುತ್ತಿತ್ತು, ಬಿರುಕಿನಲ್ಲಿ ಭತ್ತ ಸೇರಿ ಹೋಗುತ್ತಿತ್ತು. ಈಶ್ವರಮ್ಮ ಕೈಯಾಡಿಸಿದ ಕಣ ಬಿರಿಯುತ್ತಿರಲಿಲ್ಲ. ನೆಲ ಯಾವಾಗ ನೀರು ಸಾಕು ಅನ್ನುತ್ತದೆ, ಯಾವಾಗ ಕಲ್ಲು ಉರುಳಿಸು ಅನ್ನುತ್ತದೆ, ಎಲ್ಲಿ ಮೇಲೆ ಒಣಗಿ ಒಳಗೆ ಹಸಿಯಿದೆ ಎಂಬುದೆಲ್ಲ ಅಂಗೈಯಿಟ್ಟರೆ ಅವಳಿಗೆ ತಿಳಿಯುತ್ತಿತ್ತು. ಇದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಸೊರಬದ ಗುಡವಿ ಕಡೆಯಿಂದ ಹದಿನಾರಕ್ಕೆ ಮದುವೆಯಾಗಿ ಬಂದವಳು, ಈ ಕಡೆಯ ಒಣಮಣ್ಣನ್ನು ತಾನೇ ಮುಟ್ಟಿ ಮುಟ್ಟಿ ಅರಿತವಳು. ಸುಗ್ಗಿ ಬಂದರೆ ಐದಾರು ಮನೆಯವರು ಅವಳನ್ನು ಕರೆಯಲು ಬರುತ್ತಿದ್ದರು.

ಒಮ್ಮೆ ಪಕ್ಕದ ಮನೆಯ ಶಕುಂತಲಮ್ಮನ ಕಣದಲ್ಲಿ ಗುಂಡುಕಲ್ಲು ಆಡಿ ಆಗಿತ್ತು, ಸಾರಿಸುವುದೊಂದೇ ಬಾಕಿ. ಈಶ್ವರಮ್ಮ ಕೈಯಿಟ್ಟವಳು ತಲೆಯಾಡಿಸಿದಳು.

“ಇಲ್ಲಿ ಕೆಳಗೆ ಬೇರೈತೆ. ಅಗೆಸು.”

“ಕಲ್ಲಿರಬೇಕು ಬಿಡೇ. ಇದ್ರೆ ಇರ್ಲಿ, ನಿಂಗೇನು ತಿನ್ನಾಕೆ ಬರ್ತೈತಾ?”

“ಕಲ್ಲಾದ್ರೆ ಒತ್ತಿದ್ರೆ ತಾನೊಂದೇ ಜರುಗ್ತೈತೆ. ಬೇರು ಜರುಗಲ್ಲ. ಸುತ್ತಲ ನೆಲಾನೂ ಹಿಡಕೊಂಡು ಜಗ್ತೈತೆ. ಕಲ್ಲು ಇದ್ದಲ್ಲೇ ಇರ್ತೈತೆ, ಬೇರು ಬೆಳೀತೈತೆ.”

ಅಗೆದರೆ ಮಾರುದ್ದದ ಹೊಂಗೆಬೇರು. ಶಕುಂತಲಮ್ಮ ಸೊಂಟದ ಮೇಲೆ ಕೈಯಿಟ್ಟು, “ಎಲಾ ಇವಳ! ನಿನ್ನ ಕೈಗೇನು ಕಣ್ಣು ಮೂಡ್ಯಾವಾ?” ಅಂದು ಊರಿಗೆಲ್ಲ ಸಾರಿದಳು.

ಅಂಥ ಕೈ, ತನ್ನ ಮೈಯನ್ನು ಮುಟ್ಟಿದಾಗ ಮೋಸ ಹೋಯಿತು.

ತೊಂಬತ್ತೈದರ ಸುಗ್ಗಿಯಲ್ಲಿ ಸ್ನಾನ ಮಾಡುವಾಗ ಎಡ ಎದೆಯ ಮೇಲೆ, ಕರಡಿಗೆ ಕೂರುವ ಜಾಗದಲ್ಲೇ, ಹುಣಸೆಬೀಜದಷ್ಟು ಗಟ್ಟಿ ಸಿಕ್ಕಿತ್ತು. ನೋವಿಲ್ಲ, ಕೆಂಪಿಲ್ಲ. ಕರಡಿಗೆ ದಡ್ಡು ಅಂದುಕೊಂಡಳು. ಶಕುಂತಲಮ್ಮನೂ ಅದನ್ನೇ ಅಂದಳು. ದಡ್ಡು ಕರಗಲೆಂದು ಶಿವದಾರವನ್ನು ನಾಲ್ಕು ಬೆರಳು ಉದ್ದ ಮಾಡಿ ಕರಡಿಗೆಯನ್ನು ಬಲಕ್ಕೆ ಜರುಗಿಸಿ ಕಟ್ಟಿಕೊಂಡಳು. ಕೊಬ್ಬರಿ ಎಣ್ಣೆ ಹಚ್ಚಿದಳು. ದಡ್ಡು ಅಂತ ಹೆಸರಿಟ್ಟ ಮೇಲೆ ಕೈ ಮತ್ತೆ ಅದನ್ನು ವಿಚಾರಿಸಲು ಹೋಗಲಿಲ್ಲ. ಹೀಗೇ ಒಂದು ವರ್ಷ.

ಮುಂದಿನ ಸುಗ್ಗಿಯ ಹೊತ್ತಿಗೆ ಒಂದು ದಿನ, ಯಾರದೋ ಕಣ ನೋಡಿ ಬಂದು ಮೈ ತೊಳೆಯುವಾಗ, ನೆಲ ಓದಿದ ಅಂಗೈ ಹಾಗೆಯೇ ಎದೆಯ ಮೇಲೆ ಹೋಯಿತು. ಒತ್ತಿದಳು. ಅದು ಜರುಗಲಿಲ್ಲ. ಸುತ್ತಲ ಚರ್ಮವನ್ನು ಹಿಡಿದುಕೊಂಡು ಜಗ್ಗಿತು. ಮೇಲೆ ಸಣ್ಣದೊಂದು ಕುಳಿ ಬಿತ್ತು.

ಸೀರೆ ಉಟ್ಟುಕೊಂಡು ಹೊರಗೆ ಬಂದು ಗಂಡ ಸದಾಶಿವಪ್ಪನಿಗೆ, “ನನ್ನ ಮೈಯಾಗೆ ಬೇರೈತೆ” ಅಂದಳು.

ಸದಾಶಿವಪ್ಪ ಮಾತು ಕಡಿಮೆಯ ಮನುಷ್ಯ. ಏನು, ಎಂತು ಅಂತ ಕೇಳಲಿಲ್ಲ. ಮಾರನೇ ದಿನ ಶಿಕಾರಿಪುರದ ಡಾಕ್ಟರ ಬಳಿ, ಅವರು ಬರೆದುಕೊಟ್ಟ ಚೀಟಿ ಹಿಡಿದು ಘಟ್ಟದ ಕೆಳಗಿನ ದೊಡ್ಡಾಸ್ಪತ್ರೆಗೆ. ಎಡ ಎದೆ ತೆಗೆಯಬೇಕು, ಕಂಕುಳ ಗಂಟುಗಳನ್ನೂ ತೆಗೆಯಬೇಕು ಅಂದರು. ಸರಿ ಅಂದಳು. ಆಪರೇಷನ್ನಿಗೆ ಹೋಗುವಾಗ ಕೊರಳಲ್ಲಿ ಏನೂ ಇರಕೂಡದೆಂದು ನರ್ಸ್ ತಡೆದಾಗ ಮಾತ್ರ ಸದಾಶಿವಪ್ಪ ಬಾಯಿ ಬಿಟ್ಟ.

“ಅದು ಒಡವೆ ಅಲ್ರೀ. ಅದನ್ನ ಬಿಚ್ಚಿದ್ರೆ ಅವಳು ಒಳಗೆ ಬರಲ್ಲ.”

ಅಲ್ಲಿನ ಡಾಕ್ಟರಮ್ಮ ಬಂದು ನೋಡಿದರು. ಅವರಿಗೆ ಇನ್ನೂ ನಲವತ್ತು ತುಂಬಿರಲಿಲ್ಲ. ಬೆಳ್ಳಿ ಕರಡಿಗೆ ಗಂಡನ ಕೈಗೆ ಕೊಡಿಸಿ, ಲಿಂಗವನ್ನು ಈಶ್ವರಮ್ಮನ ಬಲ ಅಂಗೈಯಲ್ಲಿಟ್ಟು ಮುಷ್ಟಿ ಮಾಡಿಸಿ, ತಾವೇ ಬಿಳಿ ಪಟ್ಟಿ ಸುತ್ತಿದರು. ಎಚ್ಚರವಾದಾಗ ಎದೆಯ ಒಂದು ಪಕ್ಕ ಬಯಲಾಗಿತ್ತು. ಮುಷ್ಟಿ ಹಾಗೆಯೇ ಇತ್ತು. ಲಿಂಗದ ತಂಪು ಅಂಗೈಗೆ ತಿಳಿಯುತ್ತಿತ್ತು. ಆ ಅಂಗೈಗೆ ಚೆನ್ನಾಗಿ ತಿಳಿದ ಕೊನೆಯ ಸಂಗತಿಗಳಲ್ಲಿ ಅದೂ ಒಂದು.

ಆಮೇಲೆ ಔಷಧಿ. ಮೂರು ವಾರಕ್ಕೊಮ್ಮೆ ಹೋಗಿ ನರಕ್ಕೆ ಹಾಕಿಸಿಕೊಂಡು ಬರಬೇಕು. ಕೂದಲು ಉದುರಿತು, ನಾಲಗೆಗೆ ರುಚಿ ಹೋಯಿತು. ಬೆರಳ ತುದಿಯಲ್ಲಿ ಇರುವೆ ಹರಿದಂತೆ ಶುರುವಾಗಿ, ಇರುವೆಗಳೂ ಹೋಗಿ, ಕೊನೆಗೆ ಏನೂ ಇಲ್ಲವಾಯಿತು. ಕೂದಲು, ರುಚಿ ತಿರುಗಿ ಬಂದವು. ಬೆರಳು ಬರಲಿಲ್ಲ. ಔಷಧಿಯ ದೆಸೆಯಿಂದ ನರ ಸೊರಗಿವೆ, ಬಂದರೆ ಬರಬಹುದು, ಇಲ್ಲವಾದರೆ ಇಲ್ಲ ಅಂದರು ಡಾಕ್ಟರಮ್ಮ. ಆ ಸಂಗತಿಯನ್ನು ಈಶ್ವರಮ್ಮ ಗಂಡನಿಗೂ ಹೇಳಲಿಲ್ಲ, ಊರಿಗೂ ಹೇಳಲಿಲ್ಲ. ಎದೆ ಹೋದದ್ದು ಊರಿಗೆ ಗೊತ್ತಿತ್ತು. ಅದಕ್ಕೆ ಯಾರೂ ಏನೂ ಅನ್ನಲಿಲ್ಲ. ಕೈ ಹೋಯಿತೆಂದರೆ ಈಶ್ವರಮ್ಮ ಅನ್ನುವವಳೇ ಉಳಿಯುವುದಿಲ್ಲ ಎಂದು ಅವಳಿಗೆ ಅನಿಸಿತ್ತು. ಕರೆದ ಮನೆಗೆ ಹೋಗಿ, ನೆಲದ ಮೇಲೆ ಅಂಗೈಯಿಟ್ಟು, ಕಣ್ಣಿನಲ್ಲಿ ಮಣ್ಣಿನ ಬಣ್ಣ ನೋಡಿ, ಅಂದಾಜಿನ ಮೇಲೆ ಮಾತು ಹೇಳಿ ಬರುತ್ತಿದ್ದಳು. ಹೋದ ವರ್ಷ ಶಕುಂತಲಮ್ಮನ ಕಣ ನಡುವೆಯೇ ಬಾಯಿ ಬಿಟ್ಟಿತು. ಮಣ್ಣೇ ಸರಿಯಿಲ್ಲ ಅಂದುಕೊಂಡರು ಎಲ್ಲರೂ. ಈಶ್ವರಮ್ಮ ಸುಮ್ಮನಿದ್ದಳು. ನಾಚಿಕೆ ಅನ್ನಿಸಬೇಕಿತ್ತು, ಅದೂ ಅನ್ನಿಸಿರಲಿಲ್ಲ.

ತೊಂಬತ್ತೆಂಟರ ಬೇಸಿಗೆಯಲ್ಲಿ ತಪಾಸಣೆಗೆಂದು ಗಂಡ ಹೆಂಡತಿ ಹೋಗಿದ್ದಾಗ ಒಂದು ಮಾತು ಕೇಳಿದಳು.

“ಅಲ್ರೀ ಡಾಕ್ಟರಮ್ಮ, ಅದು ಯಾಕೆ ಹಂಗೆ ಗಟ್ಟಿ ಆಗ್ತೈತೆ? ಮೈ ಮೆತ್ತಗಿರೋದಲ್ವಾ?”

ಅಂಥದ್ದನ್ನು ಕೇಳುವವರು ಕಡಿಮೆಯೇನೋ, ಡಾಕ್ಟರಮ್ಮ ಕುರ್ಚಿ ಎಳೆದು ಕೂತರು. ಹಾಳೆಯ ಹಿಂದೆ ಗುಂಡಗೆ ಬರೆದು ತೋರಿಸಿದರು.

“ಇವು ಜೀವಕೋಶಗಳು ಅಂದುಕೊಳ್ಳಿ. ಒಂದೊಂದರ ಒಳಗೂ ಗಡ್ಡೆ ಆಗದ ಹಾಗೆ ಕಾಯುವ ಪ್ರೋಟೀನುಗಳಿವೆ. ಕೋಶ ಮಿತಿ ಮೀರಿ ಬೆಳೆಯೋಕೆ ಹೊರಟರೆ ನಿಲ್ಲಿಸ್ತವೆ. ತೀರಾ ಕೆಟ್ಟಿದ್ದರೆ ಸಾಯೋ ಹಾಗೆ ಮಾಡ್ತವೆ. ಪೊಲೀಸರಿದ್ದ ಹಾಗೆ.”

“ಪೊಲೀಸರು ಕರೆದ್ರೂ ಬರಲ್ಲ ಬಿಡ್ರಿ,” ಅಂದ ಸದಾಶಿವಪ್ಪ.

ಡಾಕ್ಟರಮ್ಮ ನಕ್ಕು ಮುಂದುವರಿಸಿದರು. “ಈ ಕೋಶಗಳು ಸುಮ್ಮನೆ ತೇಲಾಡ್ತಾ ಇರಲ್ಲ. ಸುತ್ತ ನಾರು, ಅಂಟು ಸೇರಿದ ಒಂದು ಹಂದರ ಇರುತ್ತೆ. ಕೋಶಗಳೇ ನೇಯ್ದುಕೊಂಡದ್ದು. ಅದಕ್ಕೆ ಕೊಕ್ಕೆ ಹಾಕಿ ಹಿಡಕೊಂಡಿರ್ತವೆ. ಹಿಡಿತ ಬಿಟ್ಟು ಅಲೆಯೋಕೆ ಹೊರಟ ಕೋಶ ಸಾಯಬೇಕು, ಅದು ಮೈಯ ಕಟ್ಟಳೆ. ಹಂದರವನ್ನ ಸರಿಯಾಗಿ ನೇಯಿಸೋದರಲ್ಲೂ ಕಾವಲು ಪ್ರೋಟೀನಿನ ಕೈಯಿದೆ. ಆ ಕಾವಲು ಮುರಿದರೆ ಎರಡೂ ಕೆಡುತ್ತೆ. ಕೋಶ ಅಳತೆ ಮೀರಿ ಬೆಳೆಯುತ್ತೆ, ಸುತ್ತಲ ಹಂದರ ಅಡ್ಡಾದಿಡ್ಡಿ ಗಟ್ಟಿಯಾಗುತ್ತೆ. ಗಟ್ಟಿಯಾದ ಹಂದರ ಕೋಶಕ್ಕೆ ಇನ್ನಷ್ಟು ಬೆಳೆ ಅನ್ನುತ್ತೆ. ನಿಮ್ಮ ಕೈಗೆ ಸಿಕ್ಕಿತಲ್ಲ, ಆ ಗಟ್ಟಿತನದಲ್ಲಿ ದೊಡ್ಡ ಪಾಲು ಹಂದರದ್ದೇ. ಚರ್ಮ ಕುಳಿ ಬಿದ್ದದ್ದೂ ಆ ನಾರು ಜಗ್ಗಿದ್ದಕ್ಕೇ.”

ಈಶ್ವರಮ್ಮ ಹಾಳೆಯನ್ನೇ ನೋಡುತ್ತಿದ್ದಳು.

“ಹಂಗಾದ್ರೆ ಅದು ಪೊಲೀಸಲ್ಲ ಕಣ್ರೀ. ಮೇಟಿ.”

“ಮೇಟಿ?”

“ಕಣದ ನಡುವಿನ ಕಂಬ. ಮೇಟಿ ನಿಲ್ಲೋದು ನೆಲ ಹಿಡಿದಿರೋದ್ರಿಂದ. ನೆಲ ಸಮ ಆಗೋದು ಮೇಟಿ ಎತ್ತುಗಳನ್ನ ಸುತ್ತಿನಾಗೆ ಹಿಡಿಯೋದ್ರಿಂದ. ಮೇಟಿ ಸಡಿಲಾತು ಅನ್ರಿ, ಎತ್ತು ಒಂದೇ ಕಡೆ ಬಿದ್ದು ತುಳೀತಾವೆ. ಅಲ್ಲಿ ನೆಲ ಕಲ್ಲಾಗ್ತೈತೆ. ಕಲ್ಲಾದ ನೆಲಕ್ಕೆ ಆಮೇಲೆ ಹೊಸ ಮೇಟಿ ಹೊಡೀತೀನಿ ಅಂದ್ರೂ ಇಳಿಯಲ್ಲ.”

ಡಾಕ್ಟರಮ್ಮ ಆ ಮಾತನ್ನು ಹಾಳೆಯ ಮೂಲೆಯಲ್ಲಿ ಬರೆದುಕೊಂಡರು. ಆಮೇಲೆ, ಹೊರದೇಶದ ಪ್ರಯೋಗಾಲಯದವರು ಹೋದ ವರ್ಷ ಬರೆದದ್ದನ್ನು ಹೇಳಿದರು. ಕೆಟ್ಟ ಕೋಶಗಳನ್ನು ತಟ್ಟೆಯಲ್ಲಿ ಮೆತ್ತನೆಯ ಹಂದರದಲ್ಲಿ ಬೆಳೆಸಿ, ಅವುಗಳ ತಪ್ಪು ಕೊಕ್ಕೆಗಳನ್ನು ತಡೆದರಂತೆ. ಒಳಗಿನ ಕೇಡು ಹಾಗೆಯೇ ಇದ್ದರೂ ಅವು ಒಳ್ಳೆಯ ಕೋಶಗಳಂತೆ ಸುಮ್ಮನಾದವಂತೆ. “ಆದರೆ ಅದು ತಟ್ಟೆಯಲ್ಲಿ ಅಮ್ಮ. ಮನುಷ್ಯರಿಗೆ ಕೊಡುವ ಔಷಧಿ ಅಲ್ಲ. ಆಸೆ ಇಟ್ಟುಕೊಳ್ಳಬೇಡಿ.”

ಆಸೆಯ ಮಾತು ಈಶ್ವರಮ್ಮನ ಕಿವಿಗೆ ಬೀಳಲಿಲ್ಲ. ಅವಳು ಬೇರೆಯದನ್ನು ಕೇಳಿದಳು.

“ಮೇಟಿ ಯಾಕೆ ಮುರೀತೈತೆ?”

“ಹೆಚ್ಚಿನವರಲ್ಲಿ ವಯಸ್ಸಾಗ್ತಾ ತಾನಾಗಿ. ಕೆಲವು ಮನೆತನಗಳಲ್ಲಿ ಹುಟ್ಟುವಾಗಲೇ ಅರ್ಧ ಬಿರುಕು ಬಿಟ್ಟದ್ದು ಬರುತ್ತೆ. ತಾಯಿಯಿಂದ ಬರಬಹುದು, ತಂದೆಯಿಂದಲೂ ಬರಬಹುದು. ಬಂದವರಿಗೆಲ್ಲ ಗಡ್ಡೆ ಆಗಲೇಬೇಕು ಅಂತಿಲ್ಲ. ನಿಮ್ಮ ತವರಲ್ಲಿ ಯಾರಿಗಾದರೂ ಹೀಗಾಗಿತ್ತಾ?”

ಅವಳಿಗೆ ಗೊತ್ತಿರಲಿಲ್ಲ. ಅವ್ವ ಸತ್ತಾಗ ಅವಳಿಗೆ ಒಂಬತ್ತು ವರ್ಷ. ಯಾವುದೋ ಹುಣ್ಣು ಅಂದಿದ್ದರು.

ಆ ವಾರವೇ ಸೊರಬದ ಬಸ್ಸು ಹತ್ತಿ ಗುಡವಿಗೆ ಹೋದಳು. ಅವ್ವನ ತಂಗಿ ತುಂಗಮ್ಮ ಎಂಬತ್ತರ ಹತ್ತಿರದ ಮುದುಕಿ. ಜಗಲಿಯಲ್ಲಿ ಕೂತು ಅಡಿಕೆ ಕುಟ್ಟುತ್ತಿದ್ದಳು. ಕೆರೆಯ ಕಡೆಯಿಂದ ಹಕ್ಕಿಗಳ ಗಲಾಟೆ ಕೇಳುತ್ತಿತ್ತು.

“ಎಂತ ಮಾರಾಯ್ತಿ, ದಾರಿ ತಪ್ಪಿ ಬಂದ್ಯನೆ?”

“ಚಿಕ್ಕವ್ವ, ಅವ್ವಗೆ ಏನಾಗಿತ್ತು?”

ತುಂಗಮ್ಮ ಕುಟ್ಟುವುದನ್ನು ನಿಲ್ಲಿಸಲಿಲ್ಲ. “ಎಂತ ಆಗದು? ಕರಡಿಗೆ ದಡ್ಡು ಆಗಿತ್ತು. ದಾರ ಉದ್ದ ಮಾಡಿ ಆಚೆ ಬದಿಗೆ ಕಟ್ಟಿದ್ಲು. ದಡ್ಡು ಒಡದು ಹುಣ್ಣಾತು. ನಮ್ಮ ಅವ್ವಗೂ ಹಂಗೇ ಅಲ್ದನೆ. ನಮ್ಮನೆ ಹೆಂಗಸ್ರಿಗೆ ಕರಡಿಗೆ ಆಗಿ ಬರದಿಲ್ಲೆ ಅಂತ ಆಗ ಅಂತಿದ್ರು.”

“ನಿಂಗೆ?”

“ನಂಗೆಂತ ಆಗ್ತು? ನಂದು ಮೈ ಎಲ್ಲ ದಡ್ಡೇ,” ಅಂದು ಮುದುಕಿ ಬೊಚ್ಚುಬಾಯಿ ತೆರೆದು ನಕ್ಕಳು.

ಈಶ್ವರಮ್ಮ ಅಲ್ಲಿ ಊಟ ಮಾಡಿ, ಮಧ್ಯಾಹ್ನದ ಬಸ್ಸಿಗೆ ತಿರುಗಿ ಬಂದಳು. ಅಜ್ಜಿ, ಅವ್ವ, ತಾನು. ಮೂವರೂ ದಾರವನ್ನು ಉದ್ದ ಮಾಡಿದವರು. ಮೂವರೂ ಇಟ್ಟದ್ದು ಒಂದೇ ಹೆಸರು. ಬಸ್ಸಿನ ಕಿಟಕಿಯ ಸರಳು ಹಿಡಿದ ಕೈಗೆ ಸರಳು ತಣ್ಣಗಿದೆಯೋ ಬಿಸಿಯಿದೆಯೋ ತಿಳಿಯಲಿಲ್ಲ.

ಈಗ ಗಂಗಾಶ್ರೀ. ಇಪ್ಪತ್ತು ವರ್ಷ.

ಒಳಕೋಣೆಯಲ್ಲಿ ಈಶ್ವರಮ್ಮ ಕೈ ತೆಗೆದಳು. ಕುಪ್ಪಸದ ಗುಂಡಿ ಹಾಕಿಕೋ ಅಂದಳು. ಕಲ್ಲೋ ಬೇರೋ ಎಂದು ಈ ಊರಿನಲ್ಲಿ ಹೇಳಬಲ್ಲವಳು ತಾನೊಬ್ಬಳೇ. ಹೇಳಬೇಕಾದ ದಿನ ಇದೇ. ಹೇಳಲು ಕೈಯಿಲ್ಲ.

“ಗಂಗೀ, ನನ್ನ ಕೈ ಸತ್ತೈತೆ.”

“ಅಂದ್ರೆ?”

“ಬೆರಳಿಗೆ ಏನೂ ತಿಳಿಯಲ್ಲ. ಔಷಧಿ ಹಾಕಿಸಿದಾಗಿಂದ.”

ಹುಡುಗಿ ತಾಯಿಯ ಮುಖ ನೋಡಿದಳು. “ಮತ್ತೆ ಹೋದ ವರ್ಷ ಶಕುಂತಲತ್ತೆ ಕಣ?”

“ಕಣ್ಣಲ್ಲಿ ನೋಡಿ ಹೇಳಿದ್ದೆ.”

“ಅದಕ್ಕೇ ಬಿರೀತು! ಪಾಪ, ಅವಳು ಮಣ್ಣಿಗೆ ಶಾಪ ಹಾಕಿದ್ಲು.” ಗಂಗಾಶ್ರೀಗೆ ನಗು ಬಂತು. ಬಂದದ್ದು ಅರ್ಧಕ್ಕೇ ನಿಂತಿತು. ತಾಯಿ ಇದನ್ನು ಯಾಕೆ ಈಗ ಹೇಳುತ್ತಿದ್ದಾಳೆಂದು ಅವಳಿಗೆ ಹೊಳೆದಿತ್ತು. ಕೈ ತಾನಾಗಿ ಎದೆಯ ಮೇಲೆ ಹೋಯಿತು. “ಅವ್ವಾ, ನಿಂಗೂ ಮೊದ್ಲು ದಡ್ಡು ಅಂತಿದ್ರಲ್ವಾ?”

“ಹೂಂ. ನಿಮ್ಮಜ್ಜಿಗೂ. ಅವರವ್ವಗೂ.”

ಬಸ್ಸಿನ ಹಾರನ್ ಕೇಳಿತು. ಬಸ್ಸು ಹೋಯಿತು.

“ಬಾ,” ಅಂದು ಎದ್ದಳು ಈಶ್ವರಮ್ಮ.

ಮನೆಯ ಹಿಂದಿನ ಕಣಕ್ಕೆ ಹಿಂದಿನ ದಿನ ನೀರು ಬಿಟ್ಟಿದ್ದರು. ಅಂಚಿನಲ್ಲಿ ಹೊಂಗೆ ಮರ. ಮರದ ಬುಡದಿಂದ ಬಂದ ಎಳೆಬೇರೊಂದನ್ನು ಕೆತ್ತಿ ಬಿಡಿಸಿ, ಹಾಗೆಯೇ ಬಿಟ್ಟು, ಮೇಲೆ ಎರಡು ಬೆರಳು ಹಸಿಮಣ್ಣು ಮುಚ್ಚಿ ತಟ್ಟಿದಳು. ಪಕ್ಕದಲ್ಲೊಂದು ಹರಳು ಹೂತಳು. ಆ ಪಕ್ಕ ಬರೀ ಮಣ್ಣಿನ ಹೆಂಟೆ. ಮಗಳನ್ನು ಮಂಡಿಯೂರಿಸಿ ಕೂರಿಸಿದಳು.

“ಕಣ್ಣು ಮುಚ್ಚು. ಬೆರಳ ತುದೀಲಿ ತಿವೀಬೇಡ. ನಾಲ್ಕೂ ಬೆರಳು ಚಪ್ಪಟೆ ಮಾಡಿ ಇಡು. ಮೊದಲು ಮೆಲ್ಲಗೆ. ಆಮೇಲೆ ಒತ್ತು. ಆಮೇಲೆ ಪಕ್ಕಕ್ಕೆ ದೂಡು.”

“ಎಲ್ಲ ಒಂದೇ ಥರ ಐತೆ.”

“ಮೊದಲ ಸಲ ಒಂದೇ ಥರಾನೇ ಇರ್ತೈತೆ. ಇನ್ನೊಂದ್ಸಲ.”

ಬಿಸಿಲು ಏರಿತು. ಅತ್ತ ಬಂದ ಶಕುಂತಲಮ್ಮ ಬೇಲಿಯಾಚೆ ನಿಂತು, “ಏನೇ, ಕಾಲೇಜಿಗೆ ಹೋಗೋ ಹುಡುಗೀನ ಮಣ್ಣಾಡಾಕೆ ಕೂರ್ಸಿಯಾ? ನನ್ನ ಕಣ ಯಾವಾಗ ನೋಡ್ತಿ? ಇಲಿಗಳು ನನ್ನ ಬಣವೇಲಿ ಸಂಸಾರ ಹೂಡ್ಯಾವೆ” ಅಂದಳು. ಈಶ್ವರಮ್ಮ ಬರುತ್ತೇನೆ ಅಂದಳೇ ಹೊರತು ತಿರುಗಿ ನೋಡಲಿಲ್ಲ.

ಹತ್ತನೆಯ ಸಲವೋ ಹನ್ನೆರಡನೆಯ ಸಲವೋ, ಗಂಗಾಶ್ರೀ ಕಣ್ಣು ಮುಚ್ಚಿದಂತೆಯೇ, “ಇದು ಜರುಗ್ತು” ಅಂದಳು. ಹರಳು. ಕೈ ಸರಿಸಿ, ಒತ್ತಿ, ದೂಡಿ, ತಡೆದು, “ಇದು ಜರುಗಲ್ಲ. ಮಣ್ಣೇ ನನ್ನ ಕೈ ಜೊತೆ ಬರ್ತೈತೆ” ಅಂದಳು. ಬೇರು. ಈಶ್ವರಮ್ಮ ಇನ್ನೊಂದು ಬೇರು ಬಿಡಿಸಿ, ಹರಳಿನ ಜಾಗ ಬದಲಿಸಿ ಹೂತಳು. ಮತ್ತೆ ಸರಿಯಾಗಿ ಹೇಳಿದಳು. ಮತ್ತೆ ಬದಲಿಸಿದಳು. ಒಂದು ತಪ್ಪಿತು, ಮೂರು ಸರಿಯಾದವು.

“ಹೋಗಿ ಕೈ ತೊಳಕೊಂಡು ಒಳಗೆ ಹೋಗು. ಮಲಗಿಕೊಂಡು ನೋಡಿಕೋ. ನಾನು ಬರಲ್ಲ.”

ಈಶ್ವರಮ್ಮ ಕಣದ ಅಂಚಿನಲ್ಲೇ ಕೂತಳು. ಹೂತ ಹರಳನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡಳು. ಅದು ಅಲ್ಲಿದೆ ಎಂಬುದು ಕಣ್ಣಿಗೆ ಕಾಣುತ್ತಿತ್ತು, ಅಷ್ಟೇ.

ಗಂಗಾಶ್ರೀ ಬಾಗಿಲಿಗೆ ಬಂದು ನಿಂತಳು. “ಜಾರ್ತೈತವ್ವಾ. ಬೆರಳ ಕೆಳಗೆ ಗೋಲಿ ಥರ ಜಾರಿ ಆಚೆ ಹೋಗ್ತೈತೆ. ಏನೂ ಜಗ್ಗಲ್ಲ.”

ಎದೆಯಿಂದ ಏನಾದರೂ ಇಳಿದೀತೆಂದು ಈಶ್ವರಮ್ಮ ಕಾದಳು. ಏನೂ ಇಳಿಯಲಿಲ್ಲ.

“ಬಟ್ಟೆ ಕಟ್ಟಿಕೋ. ನಾಳೆ ಮೊದಲ ಬಸ್ಸಿಗೆ ಆಸ್ಪತ್ರೆಗೆ ಹೋಗಾನ.”

“ಜಾರ್ತೈತಲ್ಲ, ಮತ್ಯಾಕೆ?”

“ನಿಂದು ಒಂದು ಬೆಳಗ್ಗೆ ಕಲಿತ ಕೈ. ನಂದು ಮೂವತ್ತು ವರ್ಷ ಕಲಿತದ್ದು, ಅದೇ ಒಂದು ವರ್ಷ ಸುಳ್ಳು ಹೇಳ್ತು.”

ಘಟ್ಟದ ಕೆಳಗಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಹುಡುಗಿಯನ್ನು ಪರೀಕ್ಷಿಸಿ, ಸೂಜಿ ಚುಚ್ಚಿ ಒಂದಿಷ್ಟು ತೆಗೆದು ಗಾಜಿನ ಮೇಲೆ ಸವರಿದರು. ಗುಡವಿಯಲ್ಲಿ ಕೇಳಿ ಬಂದದ್ದನ್ನೆಲ್ಲ ಈಶ್ವರಮ್ಮ ಬಿಡದೆ ಹೇಳಿದಳು. ಅವರು ಎಲ್ಲವನ್ನೂ ಬರೆದುಕೊಂಡರು. ಎಂಟು ದಿನ ಬಿಟ್ಟು ಫೋನು ಮಾಡಿ ಅಂದರು.

ಆ ಎಂಟು ದಿನ ಈಶ್ವರಮ್ಮ ಯಾರ ಕಣಕ್ಕೂ ಹೋಗಲಿಲ್ಲ. ಅಡಿಗೆ ಮಾಡಿದಳು, ಎಮ್ಮೆ ಕಟ್ಟಿದಳು. ಮಗಳು ಓಡಾಡುವುದನ್ನು, ಅವಳ ಕೊರಳ ಕರಡಿಗೆ ಆ ಕಡೆ ಈ ಕಡೆ ತೂಗುವುದನ್ನು ನೋಡಿದಳು. ಒಂದು ಮಧ್ಯಾಹ್ನ ಒಲೆಯಿಂದ ಪಾತ್ರೆ ಇಳಿಸುವಾಗ ಬೆರಳು ಸುಟ್ಟು ಬೊಬ್ಬೆ ಬಂದಿತ್ತು. ಅದನ್ನು ಮೊದಲು ನೋಡಿದವನು ಸದಾಶಿವಪ್ಪ.

“ಸುಟ್ಟದ್ದು ಗೊತ್ತಾಗಲಿಲ್ಲೇನು?” ಅಂದ.

“ಇಲ್ಲ.”

ಅವನು ಎದ್ದುಹೋಗಿ ಲೋಳೆಸರ ತಂದು ಹಚ್ಚಿದ. “ಯಾವಾಗಿಂದ?” ಅಂದ. ಎರಡು ವರ್ಷ ಅಂದಳು. ಅವನು ಹಚ್ಚುತ್ತಲೇ ಇದ್ದ. ಮುಗಿದ ಮೇಲೂ ಕೈ ಬಿಡಲಿಲ್ಲ.

ಒಂಬತ್ತನೇ ದಿನ ಮೂವರೂ ಶಿಕಾರಿಪುರಕ್ಕೆ ಹೋಗಿ ಬಸ್‌ಸ್ಟ್ಯಾಂಡ್ ಎದುರಿನ ಎಸ್‌ಟಿಡಿ ಬೂತಿನ ಗಾಜಿನ ಗೂಡಿನಲ್ಲಿ ಒತ್ತಿಕೊಂಡು ನಿಂತರು. ಗಂಗಾಶ್ರೀ ನಂಬರು ಒತ್ತಿ ರಿಸೀವರನ್ನು ತಾಯಿಯ ಕಿವಿಗೆ ಹಿಡಿದಳು. ಬಹಳ ಹೊತ್ತಿನ ಮೇಲೆ ಡಾಕ್ಟರಮ್ಮನ ದನಿ ಬಂತು.

“ಕೆಟ್ಟದ್ದೇನಲ್ಲ ಅಮ್ಮ. ಎಳೆಯ ಹೆಣ್ಣುಮಕ್ಕಳಲ್ಲಿ ಆಗುವ ಗಂಟು. ಇದ್ದರೆ ಇರಲಿ, ತೆಗೆಸಿದರೂ ಸರಿ. ಆರು ತಿಂಗಳಿಗೊಮ್ಮೆ ತಪ್ಪದೆ ತೋರಿಸಿ.”

“ಬೇರಲ್ಲ?”

“ಬೇರಲ್ಲ.”

“ಮತ್ತೆ ಮೇಟಿ?”

“ಅದು ಗೊತ್ತಿಲ್ಲ ಅಮ್ಮ. ಅದನ್ನು ನೋಡುವ ಪರೀಕ್ಷೆ ನಮ್ಮಲ್ಲಿ ಇನ್ನೂ ಬಂದಿಲ್ಲ. ಬಂದ ದಿನ ಹೇಳ್ತೀನಿ. ಅಲ್ಲಿಯ ತನಕ ಕೈಯಿಟ್ಟು ನೋಡ್ತಾ ಇರಬೇಕು.”

ಗಂಗಾಶ್ರೀ ಗಾಜಿಗೆ ಹಣೆಯಿಟ್ಟು ಅಳತೊಡಗಿದಳು. ಸದಾಶಿವಪ್ಪ ಟವೆಲ್ಲಿನಲ್ಲಿ ಮುಖ ಒರೆಸಿಕೊಂಡ. ಈಶ್ವರಮ್ಮ ರಿಸೀವರ್ ಇಟ್ಟು, ಹೊರಗೆ ಬಂದು, ಚಪ್ಪಲಿ ಮೆಟ್ಟಿ, ಬಸ್ಸು ಯಾವುದಿದೆಯೆಂದು ನೋಡಿದಳು.

ಮನೆಗೆ ಬಂದು ಮಾಡಿದ ಮೊದಲ ಕೆಲಸವೆಂದರೆ ಮಗಳನ್ನು ಎದುರಿಗೆ ಕೂರಿಸಿ ಅವಳ ಶಿವದಾರ ಬದಲಿಸಿದ್ದು. ಹಳೆಯದು ಎಷ್ಟು ಉದ್ದವಿತ್ತೋ ಅಷ್ಟೇ ಉದ್ದದ ಹೊಸ ದಾರ. ಗಂಟು ಹಾಕಲು ಬೆರಳು ಕೇಳದೆ, ತುದಿಯನ್ನು ಹಲ್ಲಿನಲ್ಲಿ ಹಿಡಿದು ಎಳೆದಳು.

“ಪ್ರತಿ ಅಮಾಸೆಗೆ ದಾರ ತೊಳೀತೀಯಲ್ಲ, ಆವಾಗ ಕೈಯಿಟ್ಟು ನೋಡಿಕೋ. ಗಟ್ಟಿ ಏನು ಸಿಕ್ಕಿದ್ರೂ ದಾರ ಉದ್ದ ಮಾಡಬೇಡ. ಅದಕ್ಕೆ ಹೆಸರು ಇಡಬೇಡ. ಬಸ್ಸು ಹತ್ತು.”

“ಆತವ್ವ.”

“ನಿಂಗೆ ಮಗಳು ಹುಟ್ಟಿದ್ರೆ ಅವಳಿಗೂ ಹೇಳು.”

ಮೂರನೇ ದಿನ ಶಕುಂತಲಮ್ಮನ ಕಣ. ಗುಂಡುಕಲ್ಲು ಆಡಿ, ಮೇಟಿ ನೆಟ್ಟು, ಸಾರಿಸಿ ಆಗಿತ್ತು. ಎತ್ತು ಕಟ್ಟಲು ಮೂರು ನಾಲ್ಕು ಜನ ಹಗ್ಗ ಹಿಡಿದು ನಿಂತಿದ್ದರು. ಮೇಲೆ ನೋಡಿದರೆ ನೆಲ ಒಣಗಿ ಬಿಳಿಚಿತ್ತು. ಎಲ್ಲರೂ ಈಶ್ವರಮ್ಮನ ಕಡೆ ನೋಡಿದರು.

“ನೋಡೇ ಬೇಗ. ಹೋದ ವರ್ಷದಂಗೆ ಈ ಮಣ್ಣು ಕೈ ಕೊಟ್ಟೀತು,” ಅಂದಳು ಶಕುಂತಲಮ್ಮ.

“ಹೋದ ವರ್ಷ ಮಣ್ಣು ಕೈ ಕೊಡಲಿಲ್ಲ. ನನ್ನ ಕೈಯೇ ಕೈ ಕೊಡ್ತು,” ಅಂದಳು ಈಶ್ವರಮ್ಮ. “ನನ್ನ ಬೆರಳಿಗೆ ಏನೂ ತಿಳಿಯಲ್ಲ ಶಕುಂತ್ಲಾ. ಎರಡು ವರ್ಷಾತು.”

ಶಕುಂತಲಮ್ಮ ಬಂದು ಅವಳ ಕೈ ಹಿಡಿದು ತಿರುಗಿಸಿ ನೋಡಿದಳು. “ಅಯ್ಯೋ ನಿನ್ನ... ಮೊದ್ಲೇ ಬೊಗಳಾಕೆ ಏನಾಗಿತ್ತೇ ನಿಂಗೆ?”

ಈಶ್ವರಮ್ಮ ಮಗಳ ಕಡೆ ನೋಡಿದಳು. ಗಂಗಾಶ್ರೀ ಲಂಗ ಒತ್ತಿ ಹಿಡಿದು ಮೇಟಿಯ ಬುಡದಲ್ಲಿ ಮಂಡಿಯೂರಿದಳು. ನಾಲ್ಕು ಬೆರಳು ಚಪ್ಪಟೆಯಾಗಿ ನೆಲದ ಮೇಲಿಟ್ಟಳು. ಕಣ್ಣು ಮುಚ್ಚಿದಳು. ಒತ್ತಿದಳು, ಪಕ್ಕಕ್ಕೆ ದೂಡಿದಳು. ಮೇಟಿಯ ಸುತ್ತ ಒಂದು ಸುತ್ತು ಹಾಗೆಯೇ ಮಂಡಿಯ ಮೇಲೆ ತೆವಳಿಕೊಂಡು ಬಂದಳು. ಹಗ್ಗ ಹಿಡಿದವರು ಕಾದರು. ಎತ್ತುಗಳು ಬಾಲ ಬೀಸುತ್ತಿದ್ದವು.

“ಒಳಗೆ ಇನ್ನೂ ಹಸಿ ಐತವ್ವಾ,” ಅಂದಳು. “ಇನ್ನೊಂದು ದಿನ ಬೇಕು.”

ಈಶ್ವರಮ್ಮ ಆ ಜಾಗದ ಮೇಲೆ ತನ್ನ ಕೈಯನ್ನೂ ಇಟ್ಟು ನೋಡಿದಳು. ಸುಟ್ಟ ಬೊಬ್ಬೆ ಒಣಗಿ ಸಿಪ್ಪೆ ಏಳುತ್ತಿತ್ತು. ಹಸಿಯೋ ಒಣಗಿದ್ದೋ, ಕೈ ಏನೂ ಹೇಳಲಿಲ್ಲ.

“ಇನ್ನೊಂದು ದಿನ ಬೇಕಂತೆ,” ಅಂದು ಎದ್ದು ಮಣ್ಣು ಕೊಡವಿಕೊಂಡಳು. “ಎತ್ತು ಬಿಚ್ಚಿ.”